ಪಗಾರ ಕೇಳಬೇಡ

ನರ್ಸ್ ಆಗಿ ನನ್ನ ಮೊದಲ ಪಗಾರ ನಿಕ್ಕಿಯಾದದ್ದು ಆಸ್ಪತ್ರೆಯಲ್ಲಲ್ಲ, ಮುಂಬೈ ಕಡೆಯ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನ ದುಡ್ಡಿನ ಗಲ್ಲೆಯ ಮುಂದೆ. ಗಲ್ಲೆಯ ಹಿಂದೆ ಕೂತಿದ್ದವರು ನನ್ನ ಅಪ್ಪ. ಎದುರು ನಿಂತಿದ್ದವರು ದಿನಾ ಬೆಳಿಗ್ಗೆ ಇಡ್ಲಿ ತಿಂದು ಕಾಫಿ ಕುಡಿದು ಹೋಗುವ ಒಬ್ಬ ಡಾಕ್ಟರು. ನಾನು ಅಲ್ಲಿರಲಿಲ್ಲ. ನನ್ನನ್ನೂ ಒಂದು ಮಾತು ಕೇಳಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಆಗ ನಾನು ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ, ನಿಜದಲ್ಲಿ ಕೂರಲು ಆಗುತ್ತಿರಲಿಲ್ಲ. ಮೂರೂವರೆ ವರ್ಷ ಓದಿ, ಪಾಸಾಗಿ, ನರ್ಸಿಂಗ್ ಕೌನ್ಸಿಲ್‌ನಿಂದ ರಿಜಿಸ್ಟ್ರೇಷನ್ ನಂಬರೂ ಬಂದಿತ್ತು. ಕಾನೂನಿನ ಪ್ರಕಾರ ನಾನು ನರ್ಸು, ಆದರೆ ಸೂಜಿ ಹಿಡಿಯಲು ಯಾರೂ ಕರೆಯುತ್ತಿರಲಿಲ್ಲ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಕಿಟಕಿ ತೆಗೆದರೆ ಕಂಪನಿಗಳ ಘಾಟು, ಮುಚ್ಚಿದರೆ ಸೆಕೆ. ದಿನಕ್ಕೆ ಇಪ್ಪತ್ತು ಸಲ ತೆಗೆದು ಇಪ್ಪತ್ತು ಸಲ ಮುಚ್ಚುತ್ತಿದ್ದೆ. "ಆ ಕಿಟಕಿಯನ್ನಾದ್ರೂ ಬಿಡು ಮಾರಾಯ್ತಿ, ಅದಕ್ಕೆ ನೌಕರಿ ಬೇಡ" ಅಂತ ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದರು.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇಡೀ ದಿನ ಒಂದೇ ಸುದ್ದಿ: ಯಾರಿಗೆ ಎಲ್ಲಿ ಎಷ್ಟು. ಉಲ್ಹಾಸನಗರದ ನರ್ಸಿಂಗ್ ಹೋಮಿನಲ್ಲಿ ಹತ್ತು ಸಾವಿರ, ಠಾಣೆಯಲ್ಲಿ ಹದಿನೆಂಟು, ನವಿ ಮುಂಬೈಯ ದೊಡ್ಡ ಆಸ್ಪತ್ರೆಗಳಲ್ಲಿ ಇಪ್ಪತ್ತರ ಮೇಲೆ, ಆದರೆ ಅಲ್ಲಿ ಅನುಭವ ಕೇಳುತ್ತಾರೆ. ಕೆಲಸ ಕೊಡದೆ ಅನುಭವ ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನೀರಿಗೆ ಇಳಿಯದೆ ಈಜು ಕಲಿತು ಬಾ ಅಂದ ಹಾಗಾಯಿತು.

ಅಪ್ಪನಿಗೆ ಈ ಗುಂಪನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಉಡುಪಿ ಕಡೆಯಿಂದ ಬಂದು, ಆ ಒಂದೇ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ ಮ್ಯಾನೇಜರ್ ಆದವರು. ಅಲ್ಲಿ ಅವರು ಕಲಿತ ನಿಯಮ ಹೀಗೆ. ಹೊಸಬ ಕೆಲಸಕ್ಕೆ ಬಂದರೆ ಪಗಾರ ಕೇಳಬಾರದು. ಕೇಳಿದವನನ್ನು ಧಣಿಗಳು ಬಂದ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ. ಕೇಳದವನಿಗೆ ಊಟ ಹಾಕಿ, ಮಲಗಲು ಜಾಗ ತೋರಿಸಿ, ಹದಿನೈದು ದಿನ ಸುಮ್ಮನೆ ನೋಡುತ್ತಾರೆ. ನೀರಿನ ಲೋಟದೊಳಗೆ ಬೆರಳು ಅದ್ದುತ್ತಾನೋ, ಗಿರಾಕಿ ಕರೆಯುವ ಮೊದಲೇ ಹೋಗಿ ನಿಲ್ಲುತ್ತಾನೋ, ಎಲ್ಲ ನೋಡಿ ಹದಿನಾರನೆಯ ದಿನ ತಾವೇ ಒಂದು ಮೊತ್ತ ಹೇಳುತ್ತಾರೆ. ಅದರ ಮೇಲೆ ಮಾತಿಲ್ಲ. "ಕೆಲಸ ತೋರಿಸುವ ಮೊದಲು ಪಗಾರ ಕೇಳುವವ ಕೆಲಸದವನಲ್ಲ, ದಲಾಲಿ" ಎಂದು ಅಪ್ಪ ನೂರು ಸಲ ಹೇಳಿದ್ದಾರೆ. ನೂರು ಸಲವೂ ಊಟದ ಹೊತ್ತಿನಲ್ಲೇ ಹೇಳುತ್ತಿದ್ದರು, ಎದ್ದು ಹೋಗುವ ಹಾಗೂ ಇರಲಿಲ್ಲ.

ನಾನೂ ಅದನ್ನು ನಂಬಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಠಾಣೆಯ ಒಂದು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿದ್ದಾಗ ಅರ್ಜಿಯ ಕೊನೆಯಲ್ಲಿ, ನೀವು ಎಷ್ಟು ಸಂಬಳ ನಿರೀಕ್ಷಿಸುತ್ತೀರಿ ಎಂದು ಒಂದು ಗೆರೆ ಇತ್ತು. ಮಾರ್ಕು, ಅಡ್ರೆಸ್ಸು, ರಕ್ತದ ಗುಂಪು ಎಲ್ಲ ತುಂಬಿಸಿ ಆ ಗೆರೆಯನ್ನು ಖಾಲಿ ಬಿಟ್ಟೆ. ಎಚ್‌ಆರ್‌ನವರು ಅಲ್ಲೇ ಪೆನ್ನಿನಿಂದ ಕುಟ್ಟಿ, "ಎಕ್ಸ್‌ಪೆಕ್ಟೇಷನ್ ಕ್ಯಾ ಹೈ?" ಅಂದರು. "ಸರ್, ಆಪ್ ಜೋ ಠೀಕ್ ಸಮಝೇಂ" ಅಂದೆ, ನಿಮಗೆ ಸರಿ ಕಂಡಷ್ಟು ಕೊಡಿ ಅಂತ. ನನ್ನ ವಿನಯ ನೋಡಿ ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವರು ಆಕಳಿಸಿ ಮುಂದಿನವಳನ್ನು ಕರೆದರು.

ಮುಂದಿನವಳು ನನ್ನದೇ ಕ್ಲಾಸಿನವಳು, ಕೇರಳದ ಕಡೆಯವಳು. ಓದಿನಲ್ಲಿ ನಾವಿಬ್ಬರೂ ಸರಿಸಮ. ಅವಳು ಒಳಗೆ ಹೋಗಿ ಇಪ್ಪತ್ತು ಸಾವಿರ ಕೇಳಿ, ಹದಿನೆಂಟಕ್ಕೆ ಒಪ್ಪಿ, ಹೊರಗೆ ಬಂದು ನೀರು ಕುಡಿದಳು. ನನಗೆ ಆ ಆಸ್ಪತ್ರೆಯಿಂದ ಫೋನು ಬರಲೇ ಇಲ್ಲ. ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಹಿಂದಿಯಲ್ಲಿ ಕೇಳಿದ ಮಾತು ಇದು: "ನೀನು ಹೋದದ್ದು ನೌಕರಿ ಕೇಳಲಿಕ್ಕಾ, ಆಶೀರ್ವಾದ ಕೇಳಲಿಕ್ಕಾ?"

ಆಮೇಲಿನ ಎರಡು ತಿಂಗಳು ನನಗೆ ನಿದ್ದೆಯೂ ಸರಿ ಇರಲಿಲ್ಲ, ಊಟವೂ ಸರಿ ಇರಲಿಲ್ಲ. ಅಪ್ಪ ಅದನ್ನು ಗಮನಿಸಿರಬೇಕು. ಒಂದು ದಿನ ಡ್ಯೂಟಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲೇ, "ಆಯಿತು ಮಗಾ, ನಿನ್ನ ಕೆಲಸ ಆಯಿತು" ಅಂದರು. ಕಲ್ಯಾಣದಲ್ಲಿ ಆ ಡಾಕ್ಟರದ್ದೊಂದು ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ಇತ್ತು. ಅವರು ಹಲವು ವರ್ಷದ ಗಿರಾಕಿ. ಬೆಳಿಗ್ಗೆ ಬಿಲ್ ಕೊಡಲು ಗಲ್ಲೆಗೆ ಬಂದಾಗ ಅಪ್ಪ, "ಸಾಬ್, ಬೇಟಿ ನರ್ಸ್ ಹೋ ಗಯೀ. ಆಪ್ ರಖ್ ಲೋ. ಪಗಾರ್ ಆಪ್ ದೇಖ್ ಲೇನಾ" ಅಂದರಂತೆ, ಮಗಳನ್ನು ಇಟ್ಟುಕೊಳ್ಳಿ, ಪಗಾರ ನೀವೇ ನೋಡಿಕೊಳ್ಳಿ ಅಂತ. ಡಾಕ್ಟರು ಚಿಲ್ಲರೆ ಕಿಸೆಗೆ ಹಾಕಿಕೊಂಡು, ನಾಳೆಯೇ ಕಳಿಸಿ ಅಂದರಂತೆ.

"ಎಷ್ಟು ಕೊಡ್ತಾರೆ?" ಅಂತ ಅಮ್ಮ ಕೇಳಿದರು.

"ಅದನ್ನು ಕೇಳುವುದಾ? ದಿನಾ ಮುಖ ನೋಡುವ ಜನ. ಮೂರು ತಿಂಗಳು ಕೆಲಸ ನೋಡ್ತಾರೆ, ಆಮೇಲೆ ಅವರೇ ಹೇಳ್ತಾರೆ."

ಮೊದಲ ದಿನ ಅಪ್ಪನೂ ಜೊತೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಅಲ್ಲಿಯ ಮೇಟ್ರನ್ ನನ್ನ ಫೈಲು ನೋಡಿ, ಮಾರ್ಕ್ಸ್ ಕಾರ್ಡು, ಡಿಪ್ಲೊಮಾ, ಕೌನ್ಸಿಲ್ ರಿಜಿಸ್ಟ್ರೇಷನ್, ಎಲ್ಲದರ ಒರಿಜಿನಲ್ ಇಲ್ಲೇ ಕಪಾಟಿನಲ್ಲಿರಲಿ, ಇಲ್ಲವಾದರೆ ಕಲಿತು ಓಡಿಹೋಗುತ್ತಾರೆ ಅಂದರು. ನಾನು ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದೆ. ಅಪ್ಪ ಅದನ್ನು ನನ್ನ ಕೈಯಿಂದ ಮೆತ್ತಗೆ ತೆಗೆದು ಅವರ ಮೇಜಿನ ಮೇಲಿಟ್ಟರು. ಹೊರಗೆ ಬಂದ ಮೇಲೆ, "ನಾನು ಬಂದಾಗ ನನ್ನ ಟ್ರಂಕೂ ಧಣಿಗಳ ಕೋಣೆಯಲ್ಲೇ ಇತ್ತು" ಅಂದರು. ಟ್ರಂಕಿನಲ್ಲಿ ಎರಡು ಲುಂಗಿ ಇದ್ದಿರಬಹುದು. ನನ್ನ ಫೈಲಿನಲ್ಲಿ ನಾನು ನರ್ಸ್ ಅನ್ನುವುದಕ್ಕೆ ಇದ್ದ ಎಲ್ಲ ಸಾಕ್ಷಿಯೂ ಇತ್ತು. ಇದನ್ನು ಆವತ್ತೇ ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ.

ಕೆಲಸದ ಬಗ್ಗೆ ದೂರಿಲ್ಲ. ಹನ್ನೆರಡು ತಾಸಿನ ಡ್ಯೂಟಿ, ಇಪ್ಪತ್ತು ಹಾಸಿಗೆಗೆ ನಾವು ಇಬ್ಬರು ನರ್ಸು, ಒಬ್ಬರು ಮಾವಶಿ. ಗುಡಿಸಿ ಒರೆಸುವ ಆ ಮಾವಶಿಯೇ, ಸಿಗದ ನರವನ್ನು ಮುದುಕರ ಕೈಯಲ್ಲಿ ಹೇಗೆ ಹುಡುಕಬೇಕು ಅಂತ ನನಗೆ ತೋರಿಸಿಕೊಟ್ಟದ್ದು. ತಿಂಗಳ ಕೊನೆಗೆ ಮೇಟ್ರನ್ ಒಂದು ಕವರು ಕೊಟ್ಟರು. ಹನ್ನೊಂದು ಸಾವಿರ ಇತ್ತು. ಮೂರು ತಿಂಗಳಾದ ಮೇಲೆ ಹೇಳುತ್ತಾರೆ ಅಂತ ಕಾದೆ. ನಾಲ್ಕಾಯಿತು, ಐದಾಯಿತು, ಕವರು ಅಷ್ಟೇ ದಪ್ಪವಿತ್ತು. ಡಾಕ್ಟರು ನನ್ನನ್ನು ರೌಂಡ್ಸಿನಲ್ಲಿ ಎಲ್ಲರೆದುರು ಹೊಗಳುತ್ತಿದ್ದರು, ಗಲ್ಲೆಯಲ್ಲಿ ಅಪ್ಪನ ಎದುರೂ ಹೊಗಳುತ್ತಿದ್ದರು. ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದೆಯೇ? ಅಪ್ಪನಿಗೆ ತುಂಬುತ್ತಿತ್ತು.

ಆರನೆಯ ತಿಂಗಳು ಆ ಕೇರಳದವಳ ಫೋನು ಬಂತು. ಬೇಲಾಪುರದ ಕಡೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜನ ಬೇಕಂತೆ, ಆರು ತಿಂಗಳ ಅನುಭವ ಸಾಕಂತೆ. "ಇಪ್ಪತ್ತೆರಡು ಅನ್ನು. ಅದಕ್ಕಿಂತ ಒಂದು ರೂಪಾಯಿ ಕಡಿಮೆ ನಿನ್ನ ಬಾಯಿಂದ ಬಂದರೆ ನನಗೆ ಫೋನ್ ಮಾಡಬೇಡ" ಅಂದಳು. ವಾರದ ರಜೆಯ ದಿನ ಯಾರಿಗೂ ಹೇಳದೆ ಹೊರಟೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಪನ್‌ವೇಲ್ ಕಡೆಗೆ. ದಾರಿಯುದ್ದಕ್ಕೂ ತುಟಿಯೊಳಗೇ ಬಾಯಿಪಾಠ ಮಾಡಿದೆ, ಬಾಯೀಸ್ ಹಜಾರ್, ಬಾಯೀಸ್ ಹಜಾರ್. ಎದುರು ಕೂತ ಹೆಂಗಸು ನಾನು ಜಪ ಮಾಡುತ್ತಿದ್ದೇನೆ ಅಂದುಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡರು.

ಅಲ್ಲಿ ಕೇಳಿದಾಗ ಹೇಳಿದೆ. ಧ್ವನಿ ನಡುಗಿತು, ಆದರೂ ಹೇಳಿದೆ. ಎದುರಿದ್ದ ಹೆಂಗಸು ನಗಲಿಲ್ಲ, ಸಿಟ್ಟಾಗಲಿಲ್ಲ, ಆಕಳಿಸಲಿಲ್ಲ. ಹೊಸಬರಿಗೆ ಇಪ್ಪತ್ತೊಂದು ಕೊಡಬಹುದು, ಆದೀತೇ ಅಂದರು. ಇಷ್ಟೇನಾ? ಇಷ್ಟಕ್ಕಾಗಿ ನಾನು ಅಷ್ಟು ದಿನ ಕಿಟಕಿ ತೆಗೆದು ಮುಚ್ಚುತ್ತಿದ್ದೆನಾ? ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಹತ್ತು ದಿನದೊಳಗೆ ಒರಿಜಿನಲ್ ಸರ್ಟಿಫಿಕೇಟು ತಂದು ತೋರಿಸಿದರೆ ಕೆಲಸ ನಿಮ್ಮದು, ಇಲ್ಲವಾದರೆ ಮುಂದಿನವರಿಗೆ ಹೋಗುತ್ತದೆ ಎಂದು ಅವರು ಹೇಳಿದಾಗ ಆ ಸಿಟ್ಟೂ ಇಳಿದು, ಮೇಟ್ರನ್ನರ ಕಪಾಟು ಕಣ್ಣೆದುರು ಬಂತು.

ಮರುದಿನ ಡಾಕ್ಟರ ಕೋಣೆಗೆ ಹೋಗಿ, ಸರ್, ನಾನು ಬಿಡುತ್ತೇನೆ, ನನ್ನ ಕಾಗದ ಬೇಕು ಅಂದೆ. ಅವರು ಬಯ್ಯಲಿಲ್ಲ. ನಕ್ಕರು. "ತುಮ್ಹಾರೇ ಪಪ್ಪಾನೇ ಜುಬಾನ್ ದೀ ಹೈ, ಬೇಟಾ" ಅಂದರು. ಎರಡು ವರ್ಷ ಇರುತ್ತಾಳೆ ಅಂತ ಅಪ್ಪ ಗಲ್ಲೆಯಲ್ಲಿ ಮಾತು ಕೊಟ್ಟಿದ್ದರಂತೆ. ಪಗಾರದ ಮಾತು ಆಡಬಾರದಿತ್ತು, ಎರಡು ವರ್ಷದ ಮಾತು ಕೊಡಬಹುದಿತ್ತು!

ನಮ್ಮ ಮನೆಯ ಮಾತು ತುಳು. ಜಗಳ ಹೆಚ್ಚಾದರೆ ಅಪ್ಪ ಕನ್ನಡಕ್ಕೆ ಹೋಗುತ್ತಾರೆ, ನಾನು ಹಿಂದಿಗೆ. ಆವತ್ತು ಚಹಾ ಕುಡಿಯುವ ಹೊತ್ತಿಗೇ ಇಬ್ಬರೂ ತುಳು ಬಿಟ್ಟಿದ್ದೆವು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿನಾ ಬೆಳಿಗ್ಗೆ ಆ ಮನುಷ್ಯ ನನ್ನ ಎದುರು ಬಂದು ನಿಲ್ತಾನೆ. ಎಂತ ಮುಖ ತೋರಿಸಲಿ?" ಅಂದರು ಅಪ್ಪ.

ನನ್ನ ಮಾತು ನೀವು ಹೇಗೆ ಕೊಟ್ಟಿರಿ, ಸೂಜಿ ಹಿಡಿಯುವುದು ನೀವಾ, ನಾನಾ ಅಂತ ಹಿಂದಿಯಲ್ಲಿ ಕಿರುಚಿದೆ.

"ಕೇಳದೇ ಇದ್ದದ್ದಕ್ಕೇ ಇಷ್ಟು ವರ್ಷ ಅಲ್ಲಿ ಮರ್ಯಾದೆಯಲ್ಲಿದ್ದೇನೆ."

"ಕೇಳಿದ್ರೆ ಮರ್ಯಾದೆ ಜೊತೆ ಇನ್ನೊಂದು ಕೋಣೆಯೂ ಇರ್ತಿತ್ತು" ಅಂದರು ಅಮ್ಮ, ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ. ಮದುವೆಯಾದಾಗಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತಿರಬೇಕು. ಅಪ್ಪನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಹತ್ತು ದಿನದಲ್ಲಿ ಆರು ದಿನ ಹಾಗೇ ಹೋಯಿತು. ನಾನು ಡ್ಯೂಟಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಆ ಬೀಗ ಹಾಕಿದ ಕಪಾಟಿನ ಎದುರು ಸುಮ್ಮಸುಮ್ಮನೆ ಓಡಾಡುತ್ತಿದ್ದೆ. ನನ್ನ ಮೂರೂವರೆ ವರ್ಷ ನಾಲ್ಕು ಅಡಿ ದೂರದಲ್ಲಿತ್ತು, ಕೀಲಿ ಮೇಟ್ರನ್ ಸೊಂಟದಲ್ಲಿತ್ತು. ಏಳನೆಯ ದಿನ ಸಂಜೆ ಅಪ್ಪ ಹೋಟೆಲಿನ ಪಾರ್ಸೆಲ್ ಚೀಲದಲ್ಲಿ ನನ್ನ ಫೈಲನ್ನು ತಂದು ಟೀಪಾಯಿಯ ಮೇಲಿಟ್ಟರು. ತೆರೆದು ನೋಡಿದೆ. ಎಲ್ಲ ಇತ್ತು. ಡಿಪ್ಲೊಮಾದ ಒಂದು ಮೂಲೆಗೆ ಮಾತ್ರ ಸಾಂಬಾರಿನ ಕಲೆ ತಾಗಿತ್ತು.

"ಹೇಗೆ ಕೊಟ್ಟರು?" ಅಂತ ಅಮ್ಮ ಕೇಳಿದರು.

"ಬದಲಿ ಕೊಟ್ಟೆ" ಅಂದರು ಅಪ್ಪ.

ಇದೂ ಹೋಟೆಲಿನ ಪದ್ಧತಿ. ಕೆಲಸದವ ಊರಿಗೆ ಹೋಗುವುದಾದರೆ, ಕೆಲಸ ಬಿಡುವುದಾದರೆ, ತನ್ನ ಜಾಗಕ್ಕೆ ಒಬ್ಬ ಬದಲಿ ಜನವನ್ನು ತಂದು ನಿಲ್ಲಿಸಬೇಕು. ಬದಲಿ ಬಂದವ ಹೋದವನ ಪಗಾರಕ್ಕೇ ದುಡಿಯಬೇಕು. ಆಗ ಯಾರೂ ಮಾತು ತಪ್ಪಿದ ಹಾಗಾಗುವುದಿಲ್ಲ, ಗಿರಾಕಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಪ್ಪ ಡಾಕ್ಟರಿಗೆ ನನ್ನ ಜಾಗಕ್ಕೆ ಇನ್ನೊಬ್ಬಳು ನರ್ಸನ್ನು ಹುಡುಕಿ ಕೊಟ್ಟಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಹೇಳಿ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಯಾರನ್ನು ಕೊಟ್ಟಿರಿ ಅಂತ ನಾನು ಕೇಳಲಿಲ್ಲ. ಕಲೆ ಹೋಗುತ್ತದೋ ಅಂತ ಡಿಪ್ಲೊಮಾದ ಮೂಲೆಯನ್ನು ಉಜ್ಜುತ್ತಾ ಕೂತಿದ್ದೆ.

ಬೇಲಾಪುರದ ಕೆಲಸ ಶುರುವಾಯಿತು. ಅಲ್ಲಿಯ ಹೊಸತು, ಅಲ್ಲಿಯ ಕಷ್ಟ, ಅದರ ಕಥೆ ಬೇರೆ. ಮೊದಲ ಪಗಾರ ಬ್ಯಾಂಕಿಗೆ ಬಿದ್ದಾಗ ಫೋನಿನಲ್ಲಿ ಆ ಮೆಸೇಜನ್ನು ಎಷ್ಟು ಸಲ ತೆರೆದು ನೋಡಿದೆನೋ ಲೆಕ್ಕವಿಲ್ಲ. ಅಮ್ಮನಿಗೆ ಒಂದು ಮಿಕ್ಸರ್ ತಂದೆ. ಅಪ್ಪನಿಗೆ ಏನು ತರುವುದು ಅಂತ ತಿಳಿಯದೆ, ರಜೆಯ ದಿನ ಮಧ್ಯಾಹ್ನ ಒಂದು ಡಬ್ಬಿ ಪೇಡೆ ಹಿಡಿದುಕೊಂಡು ಕಲ್ಯಾಣಕ್ಕೆ, ಅವರ ಹೋಟೆಲಿಗೇ ಹೋದೆ.

ಊಟದ ಗಲಾಟೆ ಮುಗಿದಿತ್ತು. ಅಪ್ಪ ಗಲ್ಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಗಲ್ಲೆಯ ಹತ್ತಿರದ ಟೇಬಲಿನಲ್ಲಿ, ಬಿಳಿ ಯೂನಿಫಾರಮ್ಮಿನ ಮೇಲೆ ದುಪಟ್ಟಾ ಹೊದ್ದುಕೊಂಡು ಒಬ್ಬಳು ಹುಡುಗಿ ಮೊಸರನ್ನ ತಿನ್ನುತ್ತಿದ್ದಳು. ನನ್ನನ್ನು ಕಂಡು ಎಡಗೈಯಿಂದ ಕುರ್ಚಿ ಎಳೆದು, "ಬನ್ನಿ ಅಕ್ಕ" ಅಂದಳು. ಹೋಟೆಲಿನ ಅಡುಗೆ ಭಟ್ಟರ ಮಗಳು. ಹತ್ತನೆಯವರೆಗೆ ಕುಂದಾಪುರದಲ್ಲಿ ಅಜ್ಜಿಯ ಹತ್ತಿರ ಓದಿದವಳಾದ್ದರಿಂದ ನನಗಿಂತ ಚೆಂದ ಕನ್ನಡ ಮಾತಾಡುತ್ತಾಳೆ. ಅವಳೂ ಜಿಎನ್‌ಎಂ ಮಾಡುತ್ತಿದ್ದಾಳೆ ಅಂತ ಯಾವಾಗಲೋ ಕೇಳಿದ್ದೆ. ಯೂನಿಫಾರಮ್ಮಿನ ಜೇಬಿನ ಮೇಲೆ ಆ ನರ್ಸಿಂಗ್ ಹೋಮಿನ ಬ್ಯಾಜು ನೋಡಿದ ಮೇಲೆಯೇ ನನಗೆ ಹೊಳೆದದ್ದು, ನನ್ನ ಬದಲಿ ಇವಳು ಅಂತ.

"ನಿಮ್ಮಿಂದ ಕೆಲಸ ಸಿಕ್ಕಿತು ಅಕ್ಕ" ಅಂದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಹೇಳಿದಳು.

"ಪಗಾರ ಎಷ್ಟು ಹೇಳಿದ್ದಾರೆ?"

"ಕೇಳಲಿಲ್ಲ. ಕೇಳಬೇಡ ಅಂತ ಮ್ಯಾನೇಜರ್ ಮಾಮ ಹೇಳಿದ್ದರು. ಕವರಿನಲ್ಲಿ ಹನ್ನೊಂದು ಇತ್ತು." ಅನ್ನದಲ್ಲಿದ್ದ ಉಪ್ಪಿನಕಾಯಿಯನ್ನು ಪಕ್ಕಕ್ಕಿಟ್ಟಳು. "ಅಲ್ಲಿ ನಿಮಗೆ?"

ನನಗೆ ಸುಳ್ಳು ಹೇಳಬೇಕು ಅನ್ನಿಸಿತು. ಹದಿನೈದು ಅಂದರೆ ಮುಗಿಯುತ್ತಿತ್ತು. ಇಂಟರ್‌ವ್ಯೂನಲ್ಲಿ ಹೇಳುವಾಗ ಧ್ವನಿ ನಡುಗಿತ್ತಲ್ಲ, ಅದಕ್ಕಿಂತ ಹೆಚ್ಚು ನಡುಗಿತು. "ಇಪ್ಪತ್ತೊಂದು" ಅಂದೆ.

ಅವಳು ತುತ್ತು ಎತ್ತಿದ ಕೈಯನ್ನು ತಟ್ಟೆಯ ಮೇಲೇ ಹಿಡಿದುಕೊಂಡಳು. ನಾನು ತಡೆಯಲಾರದೆ ಮಾತಾಡುತ್ತಾ ಹೋದೆ. ನೀನೂ ಅರ್ಜಿ ಹಾಕು, ಆರು ತಿಂಗಳಾಗುವ ತನಕ ಕಾಯಬೇಡ, ನಾನು ಅಲ್ಲಿ ಹೇಳಿಡುತ್ತೇನೆ, ಇಪ್ಪತ್ತೆರಡು ಅಂತ ಕೇಳು, ಕೇಳಿದರೆ ಯಾರೂ ಹೊಡೆಯುವುದಿಲ್ಲ, ನಾನು ಕೇಳಿಲ್ಲವಾ ಅಂತೆಲ್ಲ. ಕೇರಳದವಳು ನನಗೆ ಹೇಳಿದ್ದನ್ನೇ ನಾನು ಇವಳಿಗೆ ಹೇಳುತ್ತಿದ್ದೆ, ಆದರೆ ಅವಳ ಬಾಯಲ್ಲಿ ಅದು ಧೈರ್ಯವಾಗಿತ್ತು, ನನ್ನ ಬಾಯಲ್ಲಿ ಅದು ಬರೀ ಬಡಬಡಿಕೆ ಅಂತ ನನಗೇ ಕೇಳಿಸುತ್ತಿತ್ತು. ಪೇಪರ್ ಮಡಚುವ ಸದ್ದಾಯಿತು.

ಅವಳು ನಾನು ಮುಗಿಸುವ ತನಕ ಕಾದಳು. ಧ್ವನಿ ಏರಿಸಲಿಲ್ಲ. ಗಲ್ಲೆಗೂ ಕೇಳಿಸುವಷ್ಟು ಮಾತ್ರ ಇತ್ತು.

"ನನ್ನ ಒರಿಜಿನಲ್ಲೂ ಆ ಕಪಾಟಿನಲ್ಲೇ ಇದೆ ಅಕ್ಕ. ನೀವು ನನ್ನನ್ನು ಕೊಟ್ಟು ಬಿಡಿಸಿಕೊಂಡ್ರಿ. ನಾನು ಯಾರನ್ನು ಕೊಡಲಿ?"

ಅಪ್ಪ ತಲೆಯೆತ್ತಿ ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. ಅವಳು ಅನ್ನ ಮುಗಿಸಿ, ಕೈ ತೊಳೆದು, ಡ್ಯೂಟಿಗೆ ಹೊತ್ತಾಯಿತು ಅಂತ ಎದ್ದು ಹೋದಳು. ಪೇಡೆಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು.